ಕೈ ಮೇಲೆ ಸುಮ್ನೆ ಕೂತಿದೆ, ಹಾಗಂತ ಖುಷಿಯಾಗಿದೆಯಾ?

ಈ ಸಲದ ಅಂಚೆಯಲ್ಲಿ ನಾಯಿ, ಬೆಕ್ಕು ಎಲ್ಲಾ ಬದಿಗೆ ಸರಿದಿವೆ. ನಾಲ್ಕು ಪತ್ರ, ನಾಲ್ಕೂ ಹಲ್ಲಿಯ ಬಗ್ಗೆ. ಹಿಂದೊಮ್ಮೆ ನಾನು ಹಲ್ಲಿ ಸಾಕಿದ್ದೆ ಅಂತ ಇಲ್ಲೇ ಒಂದು ಸಾಲು ಬರೆದಿದ್ದೆ. ಅದರ ಫಲ ಇದು. ಹಲ್ಲಿ ತಲೆ ಮೇಲೆ ಬಿದ್ದರೆ ಏನು, ಭುಜದ ಮೇಲೆ ಬಿದ್ದರೆ ಏನು ಅಂತ ಪಂಚಾಂಗದಲ್ಲಿ ಇರುತ್ತದೆ. ಅಂಕಣದ ಮೇಲೆ ಬಿದ್ದರೆ ಏನು ಅಂತ ಇಲ್ಲ.

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಮಂಡ್ಯದ ಕಡೆಯವರು. 8 ವರ್ಷದಿಂದ ಅಮೆರಿಕದ ಡಲ್ಲಾಸ್‌ನಲ್ಲಿದ್ದೇವೆ. ಮಗಳಿಗೆ 9 ವರ್ಷ. ಹುಟ್ಟುಹಬ್ಬಕ್ಕೆ ಹಟ ಮಾಡಿ ಲೆಪರ್ಡ್ ಗೆಕ್ಕೋ ಅನ್ನುವ ಒಂದು ಸಾಕು ಹಲ್ಲಿ ತೆಗೆಸಿಕೊಂಡಳು. ಬಂದು 5 ವಾರ ಆಯಿತು. ಶಾಲೆಯಿಂದ ಬಂದ ತಕ್ಷಣ ಅದನ್ನು ಎತ್ತಿಕೊಂಡು ಒಂದು ಗಂಟೆ ಟಿವಿ ಮುಂದೆ ಕೂರುತ್ತಾಳೆ. ಅದೂ ಅವಳ ಅಂಗೈಯಲ್ಲಿ ಸುಮ್ಮನೆ ಕೂತಿರುತ್ತದೆ. 'ಅಮ್ಮಾ, ಅದಕ್ಕೆ ನಾನಂದ್ರೆ ಇಷ್ಟ' ಅನ್ನುತ್ತಾಳೆ. ಆದರೆ ಎರಡು ವಾರದಿಂದ ಹುಳ ತಿನ್ನುವುದು ಕಡಿಮೆ ಮಾಡಿದೆ. ಮೊನ್ನೆ ಎತ್ತಲು ಹೋದಾಗ ಬಾಲ ಮೇಲೆತ್ತಿ ನಿಧಾನವಾಗಿ ಆಡಿಸಿತು. ಅದು ಖುಷಿಗಾ? ದಿನಾ ಹೀಗೆ ಎತ್ತಬಹುದಾ? ಬೇಸಿಗೆಗೆ ಅತ್ತೆ ಊರಿಂದ ಬರುತ್ತಿದ್ದಾರೆ, ಅವರಿಗೆ 70 ದಾಟಿದೆ. ಏನಾದರೂ ಜಾಗ್ರತೆ ಬೇಕಾ?
– ಹೆಸರು ಬೇಡ, ಡಲ್ಲಾಸ್

ಉತ್ತರ: ತಾಯಿ, ಮೊದಲು ಬಾಲದ ವಿಷಯ ಮುಗಿಸಿಬಿಡೋಣ. ಅದು ಖುಷಿ ಅಲ್ಲ. ನಾಯಿಯ ಬಾಲಕ್ಕೂ ಇದರ ಬಾಲಕ್ಕೂ ನೆಂಟಸ್ತನ ಇಲ್ಲ. ಲೆಪರ್ಡ್ ಗೆಕ್ಕೋ ಬಾಲವನ್ನು ಮೇಲೆತ್ತಿ ಹಾವಿನ ಹಾಗೆ ನಿಧಾನವಾಗಿ ಅತ್ತಿತ್ತ ತೂಗಿದರೆ ಅದಕ್ಕೆ ಭಯವಾಗಿದೆ ಅಂತ ಅರ್ಥ. 'ಹಿಡಿಯಲೇಬೇಕು ಅಂತಿದ್ದರೆ ಈ ಬಾಲ ಹಿಡಿ, ನನ್ನ ತಲೆ ಬಿಡು' ಅನ್ನುತ್ತಿದೆ. ಬಾಲದ ತುದಿ ಪಟಪಟ ನಡುಗಿದರೆ ಅದು ಬೇರೆ ಮಾತು. ಹುಳ ಕಂಡಾಗ ಹಾಗೆ ಮಾಡುತ್ತದೆ. ಗಂಡು, ಹೆಣ್ಣನ್ನು ಕಂಡಾಗಲೂ ಹಾಗೇ. ನೀವು ನೋಡಿದ್ದು ಮೊದಲನೆಯದು.

ಹಾಗಾಗಿ ಇವತ್ತಿನಿಂದ 10 ದಿನ ಎತ್ತುವುದು ಬಂದ್. ನೀರು ಬದಲಿಸಿ, ಹುಳ ಹಾಕಿ, ಹಿಕ್ಕೆ ತೆಗೆಯಿರಿ, ಕೈ ಆಚೆ ತೆಗೆಯಿರಿ. ಮಗಳು ಅಳುತ್ತಾಳೆ, ಗೊತ್ತು. ನಾನೂ ಇದೇ ತಪ್ಪು ಮಾಡಿದವಳು. ಆಗ ನನಗೆ 9 ವರ್ಷವೂ ಅಲ್ಲ, 31.

ಹೊಸ ಓದುಗರಿಗೆ ನನ್ನ ಪರಿಚಯ ಎರಡು ಮಾತಲ್ಲಿ ಹೇಳುತ್ತೇನೆ. ನಾನು ಡಾಕ್ಟರಲ್ಲ. ಓಹಾಯೋ ರಾಜ್ಯದ ಕೊಲಂಬಸ್‌ನಲ್ಲಿದ್ದಾಗ ಒಂದು ಪ್ರಾಣಿ ಚಿಕಿತ್ಸಾಲಯದಲ್ಲಿ 9 ವರ್ಷ ಸಹಾಯಕಿಯಾಗಿದ್ದೆ. ಆಮೆ, ಹಾವು, ಹಲ್ಲಿ, ಮೊಲ ಬರುವ ಕಡೆ ನನ್ನ ಡ್ಯೂಟಿ. ಹಿಡಿದುಕೊಳ್ಳುವುದು, ತೂಗುವುದು, ಉಗುರು ನೋಡುವುದು, ಮಾಲೀಕರನ್ನು ಸಮಾಧಾನ ಮಾಡುವುದು ನನ್ನ ಕೆಲಸ. ಮನೆಯಲ್ಲಿ ಒಂದು ಲೆಪರ್ಡ್ ಗೆಕ್ಕೋ ಇತ್ತು. ಮಲಗುವಾಗ ಬಾಲವನ್ನು ಮೈಗೆ ಸುತ್ತಿಕೊಳ್ಳುತ್ತಿತ್ತು ಅಂತ ಕೋಡುಬಳೆ ಅಂತ ಹೆಸರಿಟ್ಟಿದ್ದೆ.

ಕೋಡುಬಳೆ ಬಂದ ಮೊದಲ ತಿಂಗಳು ನಾನು ಅದನ್ನು ದಿನಾ ಎತ್ತುತ್ತಿದ್ದೆ. ಅಂಗೈಯಲ್ಲಿ ಅಲ್ಲಾಡದೆ ಕೂರುತ್ತಿತ್ತು. ಎಷ್ಟು ಬೇಗ ಹೊಂದಿಕೊಂಡಿತು ಅಂತ ಹೆಮ್ಮೆ ನನಗೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಮಾತ್ರ ಬೇರೆ ಕಥೆ ಹೇಳುತ್ತಿತ್ತು. ಬಂದಾಗ 58 ಗ್ರಾಂ, ನಾಲ್ಕನೇ ವಾರ 52. ಹಿರಿಯ ಸಹೋದ್ಯೋಗಿಯೊಬ್ಬರಿಗೆ ಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು: 'ಅದು ಕೂತಿರುತ್ತದೋ, ಹೆಪ್ಪುಗಟ್ಟಿರುತ್ತದೋ?' ಅವತ್ತು ರಾತ್ರಿ ಸರಿಯಾಗಿ ನೋಡಿದೆ. ಕಣ್ಣು ಪೂರಾ ಅಗಲ. ಗಂಟಲ ಕೆಳಗಿನ ಚರ್ಮ ತಿದಿ ಒತ್ತಿದ ಹಾಗೆ ಬಡಿದುಕೊಳ್ಳುತ್ತಿತ್ತು. ನಾಲ್ಕು ಕಾಲೂ ಮೈ ಕೆಳಗೆ ಮಡಿಚಿಕೊಂಡು, ಓಡಲು ತಯಾರಾಗಿ, ಎಲ್ಲಿಗೆ ಓಡುವುದು ಅಂತ ಗೊತ್ತಾಗದೆ ಕೂತಿತ್ತು.

ಹಲ್ಲಿಯ ಜಾತಿಗೆ ಸುಮ್ಮನಿರುವುದೂ ಒಂದು ತಂತ್ರ. ಲೆಪರ್ಡ್ ಗೆಕ್ಕೋದ ಮೂಲ ಅಫ್ಘಾನಿಸ್ತಾನ, ಪಾಕಿಸ್ತಾನದ ಕಲ್ಲುಗಾಡು ಒಣ ನೆಲ. ಹಗಲೆಲ್ಲಾ ಕಲ್ಲಿನ ಸಂದಿಯಲ್ಲಿರುತ್ತದೆ, ಮುಸ್ಸಂಜೆಗೆ ಹೊರಗೆ ಬರುತ್ತದೆ. ಅಲ್ಲಾಡಿದ್ದನ್ನು ಹಕ್ಕಿ, ನರಿ ಹಿಡಿಯುತ್ತವೆ, ಅಲ್ಲಾಡದ್ದು ಉಳಿಯುತ್ತದೆ. ನಿಮ್ಮ ಟ್ಯಾಂಕಿನಲ್ಲಿರುವುದು ಅಲ್ಲಿಂದ ಹಿಡಿದು ತಂದದ್ದಲ್ಲ. ಅಮೆರಿಕದಲ್ಲಿ ಮಾರುವ ಲೆಪರ್ಡ್ ಗೆಕ್ಕೋಗಳು ಹೆಚ್ಚುಕಮ್ಮಿ ಎಲ್ಲವೂ ತಲೆಮಾರುಗಳಿಂದ ಸಾಕಣೆಯಲ್ಲೇ ಹುಟ್ಟಿದವು. ಹಾಗಾಗಿ ಕಾಡಿನದ್ದಕ್ಕಿಂತ ಸಾಧು. ಆದರೂ ನಾಯಿಯ ಹಾಗೆ ಸಾವಿರಾರು ವರ್ಷ ಮನುಷ್ಯನ ಜೊತೆ ಬಾಳಿದ ಪ್ರಾಣಿ ಅಲ್ಲ. ಸವರಿಸಿಕೊಳ್ಳಬೇಕು ಅನ್ನುವ ಆಸೆ ಅದಕ್ಕೆ ಇಲ್ಲ.

ಇನ್ನೊಂದು ಮಾತು ಹೇಳಿದರೆ ಮಗಳಿಗೆ ಸ್ವಲ್ಪ ಬೇಜಾರಾಗಬಹುದು. ನಮ್ಮ ಅಂಗೈಯ ಬಿಸಿ ಸುಮಾರು 32 ಡಿಗ್ರಿ ಸೆಲ್ಸಿಯಸ್. ಲೆಪರ್ಡ್ ಗೆಕ್ಕೋಗೆ ಹೊಟ್ಟೆ ಕೆಳಗೆ ಬೇಕಾದ ಬಿಸಿಯೂ ಹೆಚ್ಚುಕಮ್ಮಿ ಅಷ್ಟೇ. ಅದಕ್ಕೆ ತನ್ನದೇ ಮೈಬಿಸಿ ಇಲ್ಲ. ನಿಮ್ಮ ಮನೆ ಎಸಿಯಲ್ಲಿ 21, 22 ಇರಬಹುದು. ಆಗ ಒಂದು ಗಂಟೆ ಕೈ ಮೇಲಿಂದ ಇಳಿಯದೇ ಇದ್ದರೆ ಅದು ಪ್ರೀತಿ ಅಂತ ನಾವು ಅಂದುಕೊಳ್ಳುತ್ತೇವೆ. ಅದರ ಮಟ್ಟಿಗೆ ನಾವು ಬಿಸಿಲಲ್ಲಿ ಕಾದ ಒಂದು ಚಪ್ಪಡಿ. ನನ್ನ ಗಂಡ ಇದನ್ನು ಕೇಳಿ, ಮನೆಯಲ್ಲಿ ತನ್ನ ಸ್ಥಾನವೂ ಅದೇ ಅಂದಿದ್ದರು.

ಹಾಗಾದರೆ ಮುಟ್ಟಲೇಬಾರದಾ? ಮುಟ್ಟಬಹುದು. ಲೆಪರ್ಡ್ ಗೆಕ್ಕೋ ಮನುಷ್ಯನ ಕೈಯನ್ನು ಸಹಿಸಿಕೊಳ್ಳಲು ಕಲಿಯುತ್ತದೆ. ಎಷ್ಟೋ ಜಾತಿ ಹಲ್ಲಿಗಳಿಗಿಂತ ಚೆನ್ನಾಗಿಯೇ ಕಲಿಯುತ್ತದೆ. ಆದರೆ ನಾವು ಹಿಡಿದು ಹಿಡಿದು ಕಲಿಸಲು ಆಗುವುದಿಲ್ಲ. ಅದಾಗಿಯೇ ಹತ್ತಬೇಕು, ಅದಾಗಿಯೇ ಇಳಿಯುವುದಕ್ಕೂ ಬಿಡಬೇಕು.

10 ದಿನ ಕಳೆದು ಹುಳ ಮೊದಲಿನ ಹಾಗೆ ತಿನ್ನಲು ಶುರು ಮಾಡಿದ ಮೇಲೆ ಹೀಗೆ ಮಾಡಿ. ಹೊತ್ತು ಮುಳುಗಿದ ಮೇಲೆ, ಅದು ಗೂಡಿನಿಂದ ಹೊರಗೆ ಬಂದಾಗ, ಮಗಳು ಕೈ ತೊಳೆದು ಟ್ಯಾಂಕಿನ ನೆಲದ ಮೇಲೆ ಅಂಗೈ ಮೇಲೆ ಮಾಡಿ ಇಡಲಿ. ಪಕ್ಕದಿಂದ ಇಡಬೇಕು. ಮೇಲಿನಿಂದ ಬರುವ ಕೈ ಅದಕ್ಕೆ ಹದ್ದು. ಬೆರಳಿಗೆ ಹುಳದ ವಾಸನೆ ಇರಬಾರದು, ಇದ್ದರೆ ಬೆರಳನ್ನೇ ಹುಳ ಅಂದುಕೊಳ್ಳುತ್ತದೆ. ಲೋಷನ್ ಹಚ್ಚಿದ ಕೈಯೂ ಬೇಡ. ಆಮೇಲೆ ಏನೂ ಮಾಡಬಾರದು. ಐದು ನಿಮಿಷ ಸುಮ್ನೆ ಇಟ್ಟುಕೊಂಡಿರಬೇಕು. ಮೊದಲ ದಿನ ಅದು ನೋಡಿ ಒಳಗೆ ಹೋಗುತ್ತದೆ. ಮೂರನೇ ದಿನವೋ ನಾಲ್ಕನೇ ದಿನವೋ ಹತ್ತಿರ ಬಂದು ನಾಲಿಗೆಯಿಂದ ಬೆರಳ ತುದಿ ಮುಟ್ಟುತ್ತದೆ. ಅದು ಮೂಸಿ ನೋಡುವ ರೀತಿ. ಕೋಡುಬಳೆ ಹೀಗೆ ನನ್ನ ಬೆರಳು ಮುಟ್ಟಿದ್ದು 6ನೇ ದಿನ. ಮುಂಗಾಲು ಎರಡೂ ಕೈ ಮೇಲೆ ಇಟ್ಟಿದ್ದು 11ನೇ ದಿನ. ಪೂರ್ತಿ ಹತ್ತಿದ್ದು ಮೂರನೇ ವಾರ. ಮೇಲೆ ಬಂದು, ಮಣಿಕಟ್ಟಿನವರೆಗೂ ನಡೆದು, ಕಣ್ಣು ಅರ್ಧ ಮುಚ್ಚಿತು. ಲೆಪರ್ಡ್ ಗೆಕ್ಕೋಗೆ ರೆಪ್ಪೆ ಇದೆ, ನಮ್ಮ ಗೋಡೆ ಹಲ್ಲಿಗೆ ಇಲ್ಲ. ಅರ್ಧ ಮುಚ್ಚಿದ ಆ ಕಣ್ಣು, ಸಡಿಲಾದ ಬೆರಳುಗಳು, ನಿಧಾನಕ್ಕೆ ಏರಿಳಿಯುವ ಗಂಟಲು ಇವನ್ನು ನೋಡುವುದನ್ನು ಮಗಳಿಗೆ ಕಲಿಸಿ. ಸುಮ್ಮನಿದೆಯಾ ಅನ್ನುವುದೊಂದನ್ನೇ ನೋಡಿ ಮೋಸ ಹೋಗುವುದು ಬೇಡ.

ಹತ್ತಿದ ಮೇಲೆ ನೆಲದ ಮೇಲೆ ಕೂತೇ ಆಟ. ಸೋಫಾ ಎತ್ತರದಿಂದ ಬಿದ್ದರೂ ಪೆಟ್ಟಾಗುತ್ತದೆ. 10 ನಿಮಿಷ, ಹೆಚ್ಚೆಂದರೆ 15. ವಾರಕ್ಕೆ ಮೂರು ಸಲ ಧಾರಾಳವಾಯಿತು. ಹುಳ ತಿಂದ ದಿನ, ಮರುದಿನ ಬೇಡ. ಹೊಟ್ಟೆ ಅಡಿಗೆ ಬಿಸಿ ಸಿಕ್ಕಿದರೆ ಮಾತ್ರ ಅದಕ್ಕೆ ಜೀರ್ಣ ಆಗುವುದು. ಮೈ ಬಣ್ಣ ಮಾಸಿ ಹಾಲು ಬಳಿದ ಹಾಗೆ ಕಂಡರೆ ಪೊರೆ ಬಿಡುತ್ತಿದೆ ಅಂತ. ಆಗ ಮುಟ್ಟಲೇಬೇಡಿ. ಆ ಪೊರೆಯನ್ನು ಅದೇ ಕಿತ್ತು ತಿಂದುಬಿಡುತ್ತದೆ, ನೋಡಿ ಗಾಬರಿಯಾಗಬೇಡಿ. ಉದ್ದ 15 ಸೆಂಟಿಮೀಟರ್ ದಾಟದ ಮರಿಯಾಗಿದ್ದರೆ ಎತ್ತುವ ಮಾತೇ ಇನ್ನೂ ಬೇಡ. ಹಗಲು ಮಲಗಿರುವುದನ್ನು ಎಬ್ಬಿಸಿ ಎತ್ತುವುದೂ ಬೇಡ. ನಿಮ್ಮ ಮಗಳು ಶಾಲೆಯಿಂದ ಬರುವ ಮಧ್ಯಾಹ್ನದ ಮೂರೂವರೆ ಅದಕ್ಕೆ ನಡುರಾತ್ರಿ.

ಬಾಲ ಹಿಡಿಯುವುದರ ಬಗ್ಗೆ ನನ್ನದೇ ಕಥೆ ಹೇಳದಿದ್ದರೆ ಅನ್ಯಾಯ. ಆ ವರ್ಷದ ಯುಗಾದಿಗೆ ನಮ್ಮ ಮನೆಯಲ್ಲಿ ಊಟ ಇತ್ತು. 14 ಜನ. ಒಬ್ಬಟ್ಟು ಬಡಿಸುತ್ತಿದ್ದೆ. ಮಕ್ಕಳು 'ಆಂಟಿ, ಹಲ್ಲಿ ತೋರ್ಸಿ' ಅಂತ ಪ್ರಾಣ ತಿಂದರು. ನಾನೂ ಸ್ವಲ್ಪ ಮೆರೆಯೋಣ ಅಂತ ತಂದು ಕೂರಿಸಿದೆ. ಅಷ್ಟು ಜನರ ಸದ್ದಿಗೇ ಅದು ಬಾಲ ಎತ್ತಿತ್ತು. ನಾನು ನೋಡಿದೆ, ನೋಡಿಯೂ ಬಿಟ್ಟೆ. ನಾಲ್ಕು ವರ್ಷದ ಹುಡುಗನೊಬ್ಬ ಬಾಲ ಹಿಡಿದ. ಟಪ್ ಅಂತಲೂ ಸದ್ದಾಗಲಿಲ್ಲ. ಹಲ್ಲಿ ನನ್ನ ಕೈಯಲ್ಲಿ, ಬಾಲ ಕಾರ್ಪೆಟ್ ಮೇಲೆ. ಆ ಬಾಲ ಸುಮ್ನೆ ಒದ್ದಾಡಲಿಲ್ಲ. ಪಲ್ಟಿ ಹೊಡೆದು ಹೊಡೆದು ನೆಗೆಯಿತು, ಒಬ್ಬಟ್ಟಿನ ತಟ್ಟೆಯ ಹತ್ತಿರಕ್ಕೂ ಹೋಯಿತು. ಒಬ್ಬರು ಕುರ್ಚಿ ಹತ್ತಿದರು. ಹುಡುಗ ಇನ್ನೂ ಅಳುತ್ತಲೇ ಇದ್ದ, ಬಾಲ ಇನ್ನೂ ಕುಣಿಯುತ್ತಲೇ ಇತ್ತು. ಉದುರಿದ ಬಾಲ ಹೀಗೆ ನೆಗೆಯುವುದನ್ನು ಟಿಮೊತಿ ಹೈಯಮ್ ಮತ್ತು ಆಂಟನಿ ರಸೆಲ್ ಅನ್ನುವ ವಿಜ್ಞಾನಿಗಳು ಲೆಪರ್ಡ್ ಗೆಕ್ಕೋಗಳಲ್ಲೇ ಅಧ್ಯಯನ ಮಾಡಿ 2009ರಲ್ಲಿ ಪ್ರಕಟಿಸಿದ್ದಾರೆ. ತಲೆಯ ಅಪ್ಪಣೆ ಇಲ್ಲದೆ ಬಾಲದೊಳಗಿನ ನರಗಳೇ ಅದನ್ನು ಕುಣಿಸುತ್ತವೆ. ಹಿಡಿಯಲು ಬಂದವನು ಬಾಲ ನೋಡುತ್ತಾ ನಿಲ್ಲಲಿ, ಅಷ್ಟರಲ್ಲಿ ತಾನು ಪಾರಾಗೋಣ ಅನ್ನುವುದು ಹಲ್ಲಿಯ ಲೆಕ್ಕ. ನಮ್ಮ ಮನೆಯಲ್ಲಿ 14 ಜನರೂ ಬಾಲವನ್ನೇ ನೋಡುತ್ತಿದ್ದೆವು, ಲೆಕ್ಕ ಸರಿಯಾಗಿಯೇ ಇತ್ತು.

ಬಾಲದಲ್ಲೇ ಅದರ ಕೊಬ್ಬಿನ ಉಗ್ರಾಣ ಇರುವುದು. ಅದು ಹೋದರೆ ಕೂಡಿಟ್ಟದ್ದೆಲ್ಲಾ ಹೋದ ಹಾಗೆ. ಎರಡು ಮೂರು ತಿಂಗಳಲ್ಲಿ ಹೊಸದು ಬಂತು. ಮೊದಲಿನ ಉಂಗುರ ಉಂಗುರದ ಚೆಂದ ಇಲ್ಲ, ಗಿಡ್ಡ, ನುಣ್ಣಗೆ, ಮಧ್ಯೆ ಉಬ್ಬು. ಹೆಸರು ಕೋಡುಬಳೆ, ಬಾಲ ಮಾತ್ರ ಕಡುಬು.

ನಿಮ್ಮ ಮನೆಯ ಹಲ್ಲಿ ತಿನ್ನುವುದು ಕಡಿಮೆ ಮಾಡಿರುವುದಕ್ಕೆ ಕೈಯೊಂದೇ ಕಾರಣ ಅಂತ ನಾನು ಇಲ್ಲಿಂದಲೇ ಹೇಳಲಾರೆ. ಟ್ಯಾಂಕಿನ ಬಿಸಿ ಭಾಗ ಮುಟ್ಟಿ ನೋಡಿ ಅಂದಾಜು ಮಾಡಬೇಡಿ, ಥರ್ಮಾಮೀಟರ್ ಇಡಿ. ಒಂದು ಕಡೆ ನೆಲ 31ರಿಂದ 33, ಇನ್ನೊಂದು ಕಡೆ 24, 25 ಇರಬೇಕು. ಎರಡೂ ಕಡೆ ಅಡಗಲು ಗೂಡು ಇರಬೇಕು. ವಾರಕ್ಕೊಮ್ಮೆ ತೂಗಿ ಬರೆದಿಡಿ, ಮಗಳಿಗೆ ಆ ಕೆಲಸ ಕೊಡಿ. ಎತ್ತಲು ಸಿಗದ ದುಃಖಕ್ಕೆ ಅದು ಒಳ್ಳೆ ಮದ್ದು. ಒಂದು ಚಿಕ್ಕ ಡಬ್ಬಿ ಒಳಗೆ ಅದೇ ನಡೆದು ಬರಲಿ, ಡಬ್ಬಿ ಸಮೇತ ತೂಗಿ. ತೂಕ ಇಳಿಯುತ್ತಲೇ ಹೋದರೆ, ಬಾಲ ಸಣಕಲಾದರೆ, ಹಿಕ್ಕೆ ನೀರಾದರೆ ಹಲ್ಲಿ ನೋಡುವ ಡಾಕ್ಟರ ಹತ್ತಿರ ಹೋಗಿ. ನಾಯಿ ಬೆಕ್ಕು ನೋಡುವವರೆಲ್ಲಾ ಹಲ್ಲಿ ನೋಡುವುದಿಲ್ಲ, ಫೋನ್ ಮಾಡಿ ಕೇಳಿಕೊಂಡೇ ಹೊರಡಿ.

ಅತ್ತೆಯವರ ವಿಷಯ. ನೋಡಲು ಗಟ್ಟಿಮುಟ್ಟಾಗಿರುವ ಹಲ್ಲಿಯ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ನಮಗೆ ತಗುಲಿದರೆ ಭೇದಿ, ಜ್ವರ. 5 ವರ್ಷದೊಳಗಿನ ಮಕ್ಕಳಿಗೆ, 65 ದಾಟಿದವರಿಗೆ ಜೋರಾಗಿಯೇ ಆಗಬಹುದು. ಅತ್ತೆ ನೋಡಲಿ, ಮುಟ್ಟುವುದು ಬೇಡ. ಮುಟ್ಟಿದವರೆಲ್ಲಾ ಸೋಪು ಹಾಕಿ ಕೈ ತೊಳೆಯಬೇಕು, ಮುಟ್ಟಿದ ಮೇಲೆ ಮುತ್ತು ಗಿತ್ತು ಇಲ್ಲ. ಟ್ಯಾಂಕಿನ ತಟ್ಟೆ, ಕಲ್ಲು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಹಲ್ಲಿ ತೂಗುವ ತಕ್ಕಡಿಯಲ್ಲಿ ಬೇಳೆ ತೂಗಬೇಡಿ. ನಾನು ತೂಗುತ್ತಿದ್ದೆ, ಇದು ನನ್ನ ಅತ್ತೆಯವರಿಗೆ ಇವತ್ತಿಗೂ ಗೊತ್ತಿಲ್ಲ. ಅವರು ಈ ಪತ್ರಿಕೆಯ ಚಂದಾದಾರರು ಬೇರೆ.

ಅಂದಹಾಗೆ ನಿಮ್ಮ ಅತ್ತೆ 'ಗೆಕ್ಕೋ ಅಂದ್ರೆ ಏನಮ್ಮಾ' ಅಂದರೆ ವರಾಂಡದ ದೀಪದ ಹತ್ತಿರ ಕರೆದುಕೊಂಡು ಹೋಗಿ. ಟೆಕ್ಸಾಸ್‌ನ ಮನೆ ಗೋಡೆಗಳ ಮೇಲೆ ಮೆಡಿಟರೇನಿಯನ್ ಕಡೆಯಿಂದ ಬಂದು ನೆಲೆಸಿದ ಗೆಕ್ಕೋಗಳು ಬೇಕಾದಷ್ಟಿವೆ. ಮಂಡ್ಯದ ಗೋಡೆ ಹಲ್ಲಿಯ ದಾಯಾದಿಗಳೇ. ಅವರಿಗೆ ಊರಿನ ನೆಂಟರನ್ನು ಕಂಡ ಹಾಗಾಗುತ್ತದೆ.

ಪ್ರಶ್ನೆ: ಅಕ್ಕಾ, ನಾನು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ, ಬನಶಂಕರಿ ಕಡೆ ರೂಮಲ್ಲಿದ್ದೀನಿ. ಸೀನಿಯರ್ ಒಬ್ಬರು ಊರು ಬಿಡುವಾಗ ತಮ್ಮ ಕ್ರೆಸ್ಟೆಡ್ ಗೆಕ್ಕೋವನ್ನು ನನಗೆ ಕೊಟ್ಟು ಹೋದರು. ಕೈಗೆ ತಗೊಂಡರೆ ಎರಡು ಸೆಕೆಂಡ್ ನಿಲ್ಲಲ್ಲ, ಹಾರಿಬಿಡುತ್ತೆ. ಹೋದ ವಾರ ಮಂಚದ ಹಿಂದೆ ಬಿದ್ದು, ಹಿಡಿಯೋಕೆ ಹೋದಾಗ ಬಾಲ ಉದುರಿಸಿತು. ಮತ್ತೆ ಯಾವಾಗ ಬೆಳೆಯುತ್ತೆ? ಇದನ್ನು ಪಳಗಿಸೋದು ಹೇಗೆ?
– ಆರನೇ ಸೆಮ್ ಹುಡುಗ

ಉತ್ತರ: ತಮ್ಮಾ, ಇನ್ನು ಬೆಳೆಯುವುದಿಲ್ಲ. ಲೆಪರ್ಡ್ ಗೆಕ್ಕೋಗೆ ಬೆಳೆಯುತ್ತದೆ, ಕ್ರೆಸ್ಟೆಡ್‌ಗೆ ಒಮ್ಮೆ ಹೋದರೆ ಹೋಯಿತು. ಬೇಜಾರು ಮಾಡಿಕೊಳ್ಳಬೇಡ. ಕಾಡಿನಲ್ಲೂ ದೊಡ್ಡವು ಬಹಳಷ್ಟು ಮೋಟು ಬಾಲದಲ್ಲೇ ಬದುಕುತ್ತವೆ. ಗಾಯದ ಜಾಗ ಸ್ವಚ್ಛವಾಗಿಟ್ಟರೆ ಸಾಕು. ಟ್ಯಾಂಕಿನಲ್ಲಿ ಮಣ್ಣು, ತೆಂಗಿನ ನಾರು ಇದ್ದರೆ ಗಾಯ ಮಾಯುವ ತನಕ ತೆಗೆದು ಬಿಳಿ ಪೇಪರ್ ಟವೆಲ್ ಹಾಸು. ಕೆಂಪಾಗಿ ಊದಿಕೊಂಡರೆ ಡಾಕ್ಟರಿಗೆ ತೋರಿಸು.

ಹಾರುವುದು ಅದರ ಹುಟ್ಟುಗುಣ. ಆಸ್ಟ್ರೇಲಿಯಾದ ಪೂರ್ವಕ್ಕೆ ನ್ಯೂ ಕ್ಯಾಲಡೋನಿಯಾ ಅಂತ ದ್ವೀಪ ಇದೆ. ಅಲ್ಲಿಯ ಮರದ ಮೇಲಿನ ಜೀವಿ ಅದು. ಈ ಜಾತಿ ಅಳಿದೇ ಹೋಯಿತು ಅಂದುಕೊಂಡಿದ್ದರು. 1994ರಲ್ಲಿ ಮತ್ತೆ ಕಂಡಿತು. ಈಗ ಲೋಕದ ತುಂಬಾ ಮನೆಗಳಲ್ಲಿದೆ. ಕೊಂಬೆಯಿಂದ ಕೊಂಬೆಗೆ ನೆಗೆಯುವುದಕ್ಕೆ ಕಾಲಿನ ಬೆರಳಲ್ಲಿ ಅಂಟು ಪಾದ ಇದೆ, ಬಾಲದ ತುದಿಯಲ್ಲೂ ಇತ್ತು, ಈಗ ನಿನ್ನದಕ್ಕೆ ಅದಿಲ್ಲ. ಹಾಗಾಗಿ ಸ್ವಲ್ಪ ದಿನ ತೂಕ ತಪ್ಪಬಹುದು.

ಒಂದು ತಿಂಗಳು ಮುಟ್ಟಬೇಡ. ಆಮೇಲೆ ಬಾತ್‌ರೂಮಿನಲ್ಲಿ ಅಭ್ಯಾಸ ಮಾಡು. ನಗಬೇಡ, ನಿಜವಾಗಿ ಹೇಳುತ್ತಿದ್ದೇನೆ. ಬಾಗಿಲು ಹಾಕು, ಬಕೆಟ್ ಖಾಲಿ ಮಾಡು, ಕಮೋಡಿನ ಮುಚ್ಚಳ ಮುಚ್ಚು. ಮಂಚ, ಬೀರು, ಫ್ಯಾನು ಇಲ್ಲದ ಜಾಗ ಅದೊಂದೇ. ಕೆಳಗೆ ಕೂತು ಒಂದು ಕೈ ಮೇಲಿರುವಾಗ ಇನ್ನೊಂದು ಕೈಯನ್ನು ಅದರ ಮುಂದೆ ಒಂದು ಗೇಣು ದೂರದಲ್ಲಿ ಹಿಡಿ. ಅದು ಹಾರಿ ಅಲ್ಲಿಗೆ ಬರುತ್ತದೆ. ಆಮೇಲೆ ಮೊದಲಿನ ಕೈ ಮುಂದೆ ತಾ. ಮೆಟ್ಟಿಲು ಹತ್ತಿಸಿದ ಹಾಗೆ. ಮುಷ್ಟಿಯಲ್ಲಿ ಹಿಡಿದು ನಿಲ್ಲಿಸಲು ಹೋದರೆ ಹೆದರಿ ಹಾರುತ್ತದೆ, ದಾರಿ ಕೊಟ್ಟರೆ ನಡೆಯುತ್ತದೆ. 5 ನಿಮಿಷ ಸಾಕು. ನನ್ನ ಕ್ಲಿನಿಕ್ಕಿಗೆ ಬರುತ್ತಿದ್ದ ಒಂದು ಕ್ರೆಸ್ಟೆಡ್ ಗೆಕ್ಕೋ ನಾಲ್ಕು ವರ್ಷವಾದರೂ ಪ್ರತಿ ಸಲ ಒಮ್ಮೆ ನನ್ನ ಕನ್ನಡಕಕ್ಕೆ ಹಾರಿಯೇ ಆಮೇಲೆ ಸುಮ್ಮನಾಗುತ್ತಿತ್ತು. ಕೆಲವು ಹಾಗೇ ಇರುತ್ತವೆ. ಅದನ್ನು ಪಳಗಿಸಲಾಗಲಿಲ್ಲ ಅಂತ ಕೊರಗುವುದು ಬೇಡ, ಗಾಜಿನ ಆಚೆಯಿಂದ ನೋಡಿದರೂ ಚೆಂದವೇ.

ನನಗೆ ಕೈಗಿಂತ ಜಾಸ್ತಿ ಚಿಂತೆ ನಿನ್ನ ರೂಮಿನದು. ಲೆಪರ್ಡ್‌ಗೆ ಬಿಸಿ ಬೇಕು, ಇದಕ್ಕೆ ತಂಪು ಬೇಕು. 22ರಿಂದ 26 ಡಿಗ್ರಿ ಹಿತ, 28 ದಾಟಿದರೆ ಒದ್ದಾಟ. ಏಪ್ರಿಲ್‌ನಲ್ಲಿ ಬನಶಂಕರಿಯ ಮೇಲ್ಮಹಡಿ ರೂಮು, ಮೇಲೆ ಕರೆಂಟ್ ಬೇರೆ ಹೋದರೆ? ಟ್ಯಾಂಕನ್ನು ನೆಲಕ್ಕೆ ಇಳಿಸು, ಕಿಟಕಿ ಬಿಸಿಲಿಂದ ದೂರ ಇಡು. ಎಸಿ ಇರುವ ಗೆಳೆಯನ ಮನೆಯೊಂದನ್ನು ಈಗಲೇ ಗೊತ್ತು ಮಾಡಿಕೊ. ಕಾಗದ ಪತ್ರದ ವಿಷಯವೂ ಇದೆ. ಸೈಟಿಸ್ ಅಂದರೆ ಅಳಿವಿನ ಭಯ ಇರುವ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ. ವಿದೇಶಿ ಜೀವಿಗಳಲ್ಲಿ ಅದರ ಪಟ್ಟಿಯಲ್ಲಿರುವುದನ್ನು ಸಾಕಿದವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು ಅಂತ 2024ರಲ್ಲಿ ನಿಯಮ ಬಂದಿದೆ. ಸೀನಿಯರ್ ಹತ್ತಿರ ಏನು ಕಾಗದ ಇತ್ತು ಕೇಳಿ ತರಿಸಿಕೊ, ಒಂದು ದಿನ ಮಲ್ಲೇಶ್ವರದ ಅರಣ್ಯ ಭವನಕ್ಕೂ ಹೋಗಿ ವಿಚಾರಿಸಿ ಬಾ.

ಪ್ರಶ್ನೆ: ಗೆಳೆಯನೊಬ್ಬ ಅಸ್ಸಾಂ ಕಡೆಯಿಂದ ಟೋಕೇ ಗೆಕ್ಕೋ ತಂದುಕೊಡುತ್ತೇನೆ ಅನ್ನುತ್ತಾನೆ. ನೀಲಿ ಮೈ, ಕೆಂಪು ಚುಕ್ಕೆ, ತುಂಬಾ ಚೆನ್ನಾಗಿದೆ. ಔಷಧಿಗೆ ಲಕ್ಷಗಟ್ಟಲೆ ಬೆಲೆಯಂತೆ. ಕೈಗೆ ಪಳಗುತ್ತದಾ?
– ದಾವಣಗೆರೆ

ಉತ್ತರ: ಬೇಡ. ಅದು ನಮ್ಮ ದೇಶದ ಕಾಡು ಜೀವಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಹಿಡಿಯುವುದು, ಸಾಗಿಸುವುದು, ಮಾರುವುದು ಎಲ್ಲಾ ಅಪರಾಧ. ಗೆಳೆಯನ ಜೊತೆ ನೀವೂ ಒಳಗೆ ಹೋಗುತ್ತೀರಿ. ಔಷಧಿ ಅಂದಿರಲ್ಲ, ಇದು ಏಡ್ಸ್‌ಗೆ ಮದ್ದು ಅಂತ ಹಬ್ಬಿರುವ ಮಾತು ಶುದ್ಧ ಸುಳ್ಳು. ಆ ಸುಳ್ಳಿನಿಂದಲೇ ಲಕ್ಷದ ಬೆಲೆ ಹುಟ್ಟಿದ್ದು, ಆ ಬೆಲೆಯಿಂದಲೇ ಕಾಡಿನಿಂದ ಅವನ್ನು ಗೋಣಿಗಟ್ಟಲೆ ಹೊತ್ತಿದ್ದು. 2019ರಲ್ಲಿ ಸೈಟಿಸ್ ಪಟ್ಟಿಗೂ ಸೇರಿಸಿದರು.

ಪಳಗುವ ಮಾತು ಕೇಳಿದ್ದೀರಿ. ಗೆಕ್ಕೋ ಅನ್ನುವ ಹೆಸರು ಬಂದಿದ್ದೇ ಇದು ಕೂಗುವ ಸದ್ದಿನಿಂದ. ಕೂಗು ಎಷ್ಟು ಜೋರೋ ಹಲ್ಲೂ ಅಷ್ಟೇ ಜೋರು. ಕ್ಲಿನಿಕ್ಕಿನಲ್ಲಿ ಒಂದು ನನ್ನ ತೋರುಬೆರಳು ಹಿಡಿದು ಬಿಡಲೇ ಇಲ್ಲ. ಗೋಡೆ ಗಡಿಯಾರ ನೋಡುತ್ತಾ ಕೂತಿದ್ದೆ, 7 ನಿಮಿಷ. ಎಳೆದರೆ ಅದರ ದವಡೆ ಮುರಿಯುತ್ತದೆ, ಎಳೆಯದಿದ್ದರೆ ನನ್ನ ಬೆರಳು. ಇಬ್ಬರೂ ಕಾದೆವು.

ಪ್ರಶ್ನೆ: ಆಂಟಿ, ನಾನು ಐದನೇ ಕ್ಲಾಸು, ಸಕಲೇಶಪುರ. ನಮ್ಮನೆ ಗೋಡೆ ಹಲ್ಲಿಯನ್ನು ಬಾಟಲಿಯಲ್ಲಿ ಹಾಕಿ ಸಾಕಬಹುದಾ? ದಿನಾ ಸವರಿದರೆ ಅಭ್ಯಾಸ ಆಗುತ್ತಾ? ಅಜ್ಜಿ, ಹಲ್ಲಿ ವಿಷ, ಮುಟ್ಟಬೇಡ ಅಂತಾರೆ.

ಉತ್ತರ: ಪುಟ್ಟಿ, ಅಜ್ಜಿ ಹೇಳಿದ್ದರಲ್ಲಿ ಅರ್ಧ ಸರಿ. ಹಲ್ಲಿಗೆ ವಿಷ ಇಲ್ಲ. ಆದರೆ ಮುಟ್ಟಬೇಡ ಅನ್ನುವುದು ಸರಿ. ಹಾಲಿಗೆ ಹಲ್ಲಿ ಬಿದ್ದರೆ ಚೆಲ್ಲುತ್ತಾರಲ್ಲ, ಅದೂ ಸರಿ. ಅದರ ಕಾಲಲ್ಲಿ, ಹಿಕ್ಕೆಯಲ್ಲಿ ಹೊಟ್ಟೆ ಕೆಡಿಸುವ ಸೂಕ್ಷ್ಮಜೀವಿ ಇರಬಹುದು.

ಗೋಡೆ ಹಲ್ಲಿ ಅಭ್ಯಾಸ ಆಗುವುದಿಲ್ಲ. ಅದರ ಚರ್ಮ ಎಷ್ಟು ತೆಳು ಅಂದರೆ ಟ್ಯೂಬ್‌ಲೈಟ್ ಹತ್ತಿರ ಬಂದಾಗ ಹೆಣ್ಣಿನ ಹೊಟ್ಟೆಯೊಳಗಿನ ಎರಡು ಮೊಟ್ಟೆ ಹೊರಗಿನಿಂದಲೇ ಕಾಣುತ್ತವೆ. ಅಂಥದ್ದನ್ನು ಹಿಡಿದರೆ ಹೇಗೆ? ಬಾಟಲಿಯಲ್ಲಿ ಒಂದೆರಡು ದಿನವೂ ಹುಳ ತಿನ್ನುವುದಿಲ್ಲ, ಪಾಪ. ಕಂಚಿಯ ವರದರಾಜ ದೇವಸ್ಥಾನದ ಚಾವಣಿಯಲ್ಲಿ ಬಂಗಾರದ ಹಲ್ಲಿ, ಬೆಳ್ಳಿ ಹಲ್ಲಿ ಇವೆ. ದಿನಕ್ಕೆ ಅದೆಷ್ಟೋ ಜನ ಸಾಲಲ್ಲಿ ನಿಂತು ಮುಟ್ಟಿ ಹೋಗುತ್ತಾರೆ. ದಿನವಿಡೀ ಮುಟ್ಟಿಸಿಕೊಂಡರೂ ಬೇಜಾರಾಗದ ಹಲ್ಲಿ ನನಗೆ ಗೊತ್ತಿರುವಂತೆ ಅವೆರಡೇ.

ಬಾಟಲಿ ಬದಲು ಒಂದು ನೋಟ್‌ಬುಕ್ ತಗೋ. ಸಂಜೆ ದೀಪ ಹಾಕಿದ ಮೇಲೆ ಅದು ಯಾವ ಮೂಲೆಯಿಂದ ಬರುತ್ತದೆ, ಎಷ್ಟು ಗಂಟೆಗೆ ಬರುತ್ತದೆ, ಎಷ್ಟು ಹುಳ ಹಿಡಿಯುತ್ತದೆ, ಬರಿ. ರೆಪ್ಪೆ ಇಲ್ಲ ಅಂದೆನಲ್ಲ, ಕಣ್ಣಿಗೆ ಧೂಳು ಬಿದ್ದರೆ ಏನು ಮಾಡುತ್ತದೆ ನೋಡು. ನಾಲಿಗೆ ಚಾಚಿ ತನ್ನ ಕಣ್ಣನ್ನು ತಾನೇ ನೆಕ್ಕಿಕೊಳ್ಳುತ್ತದೆ. ಸ್ವಿಚ್ ಬೋರ್ಡಿನ ಹಿಂದೆ ಬಿಳಿ ಕಡಲೆಯಂಥ ಪುಟ್ಟ ಮೊಟ್ಟೆ ಇದ್ದರೂ ಇರಬಹುದು, ಆದರೆ ಅಲ್ಲಿ ಕೈ ಹಾಕಬೇಡ, ಅಪ್ಪನಿಗೆ ಹೇಳು. ಅದು ಲೊಚಗುಟ್ಟಿದಾಗ ಅಜ್ಜಿ ನೆಲ ತಟ್ಟಿ 'ಕೃಷ್ಣ ಕೃಷ್ಣ' ಅಂದರೆ ಅದನ್ನೂ ಬರಿ, ಆಗ ಯಾರು ಏನು ಮಾತಾಡುತ್ತಿದ್ದರು ಅಂತಲೂ ಬರಿ.

ಒಂದು ವಾರ ಬರೆದು ಆ ಹಾಳೆ ನನಗೆ ಕಳಿಸು. ಮೈಸೂರಿನಲ್ಲಿ ನಮ್ಮ ಅಡುಗೆಮನೆಯದು 6:50ಕ್ಕೆ ಬರುತ್ತದೆ, ಕ್ಯಾಲೆಂಡರಿನ ಹಿಂದಿನಿಂದ. ನಿಮ್ಮದು?